ತೇವ ಎಲ್ಲಿ ಬೇಕು, ಎಲ್ಲಿ ಬೇಡ

ಹಲ್ಲಿನ ಬಣ್ಣದ ಫಿಲ್ಲಿಂಗ್ ಬೇಗ ಕಳಚಲು ಕಳಪೆ ಅಂಟೇ ಕಾರಣವೆಂಬ ಲೇಖನವೊಂದರ ಮಾತನ್ನು ಕೋಲಾರದ ದಂತವೈದ್ಯನಾಗಿ ನಾನು ಪೂರ್ತಿ ಒಪ್ಪಲಾರೆ. ಅನೇಕ ಸಲ ನಿಜವಾದ ಕಾರಣ ಎಂಜಲು. ಸುಮಾರು 37% ಫಾಸ್ಫಾರಿಕ್ ಆಮ್ಲ ಹಚ್ಚಿ, ತೊಳೆದು ಒಣಗಿಸಿದಾಗ ಸೀಮೆಸುಣ್ಣದಂತೆ ಮಂಕು ಬಿಳಿಯಾಗುವ, ಹಲ್ಲಿನ ಹೊರಪದರವಾದ ಎನಾಮಲ್‌ಗೆ ಎಂಜಲು ಕ್ಷಣಕಾಲ ತಾಗಿದರೂ ಅದರ ಪ್ರೋಟೀನ್ ಪದರ, ಅಂಟು ಹಿಡಿದುಕೊಳ್ಳಲೆಂದು ಆಮ್ಲ ಮಾಡಿದ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಬಿಡುತ್ತದೆ; ಬರೀ ನೀರಿನಿಂದ ಅದು ಪೂರ್ತಿ ಹೋಗದ ಕಾರಣ ಮತ್ತೆ ಆಮ್ಲ ಹಚ್ಚಬೇಕಾಗುತ್ತದೆ. ಎನಾಮಲ್ ಒಳಗಿನ ಪದರವಾದ ಡೆಂಟಿನ್‌ನ ಸ್ವಭಾವವೇ ಬೇರೆ: ಆಮ್ಲ ಹಚ್ಚಿದ ಮೇಲೆ ಅದನ್ನು ಅತಿಯಾಗಿ ಒಣಗಿಸಿದರೆ ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳ ಜಾಲ ಕುಸಿದು ಅಂಟು ಒಳಗಿಳಿಯುವುದಿಲ್ಲವಾದ್ದರಿಂದ, ಅಲ್ಲಿ ತುಸು ತೇವವಿರಬೇಕು. ನಮ್ಮ ಭಾಗದಲ್ಲಿ ಕೊಳವೆಬಾವಿಯ ಫ್ಲೋರೈಡ್‌ನಿಂದ ಕಲೆಗಟ್ಟಿದ ಹಲ್ಲುಗಳಿಗೆ ಆಮ್ಲವೇ ಸುಲಭವಾಗಿ ಹಿಡಿಯುವುದಿಲ್ಲ. ಆದ್ದರಿಂದ ವೈದ್ಯರು ಹಲ್ಲಿಗೆ ಎಂಜಲು ತಾಗದಂತೆ ತಡೆಯುವ ತೆಳು ರಬ್ಬರ್ ಹಾಳೆಯಾದ ರಬ್ಬರ್ ಡ್ಯಾಮ್ ಹಾಕುತ್ತೇವೆಂದರೆ ದಯವಿಟ್ಟು ಬೇಡವೆನ್ನಬೇಡಿ.