ಸೀಲ್ ಮುಳುಗುವುದು ಎದೆ ತುಂಬ ಗಾಳಿ ಎಳೆದುಕೊಂಡಲ್ಲ

‘ಸೀಲ್ ಒಂದೇ ಸಲ ಎದೆ ತುಂಬ ಉಸಿರೆಳೆದುಕೊಂಡು ಒಂದು ಗಂಟೆ ನೀರಿನಡಿ ಇರುತ್ತದೆ, ಅಷ್ಟು ದೊಡ್ಡದು ಅದರ ಶ್ವಾಸಕೋಶ’ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಒಂದು ಗಂಟೆ ಅನ್ನುವುದು ಕೆಲವು ಸೀಲ್‌ಗಳ ಮಟ್ಟಿಗೆ ನಿಜ. ಕಾರಣ ಮಾತ್ರ ತಪ್ಪು. (ಅಂದಹಾಗೆ, ಸೀಲ್ ಕಡಲಲ್ಲಿ ಬದುಕುವ ಸಸ್ತನಿ, ನಮ್ಮ ತುಂಗಭದ್ರೆಯ ನೀರುನಾಯಿ ಅಲ್ಲ. ಅದು ಬೇರೆ ಪ್ರಾಣಿ.)

1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಜೆರಾಲ್ಡ್ ಕೂಯ್‌ಮನ್ ಅಂಟಾರ್ಕ್ಟಿಕಾದ ಮೆಕ್‌ಮರ್ಡೊದಲ್ಲಿ ವೆಡೆಲ್ ಎಂಬ ಜಾತಿಯ ಸೀಲ್‌ಗಳ ಬೆನ್ನು ಹತ್ತಿದರು. ಅವರ ಉಪಕರಣ ನೋಡಿದರೆ ನಗು ಬರುತ್ತದೆ: ಅಡುಗೆಮನೆಯ ಟೈಮರ್, ಮಸಿ ಹಿಡಿಸಿದ ಗಾಜಿನ ತಟ್ಟೆ, ಆಳವನ್ನು ಗೀಚುವ ಒಂದು ಮುಳ್ಳು. ಅದನ್ನು ಸೀಲ್ ಮೈಗೆ ಕಟ್ಟಿ, ಮಂಜುಗಡ್ಡೆಯಲ್ಲಿ ಕೊರೆದ ತೂತಿನಿಂದ ನೀರಿಗೆ ಬಿಡುತ್ತಿದ್ದರು. ಹತ್ತಿರದಲ್ಲಿ ಬೇರೆ ತೂತಿಲ್ಲ. ಉಸಿರಿಗೆ ಅಲ್ಲಿಗೇ ಬರಬೇಕು, ಅಲ್ವಾ? ಟೈಮರ್ ವಾಪಸ್ ಸಿಗುತ್ತಿತ್ತು. ಹೀಗೆ ಅಳೆದಾಗ ಆಳ 600 ಮೀಟರ್‌ವರೆಗೂ ಹೋಯಿತು.

ನಿಜಕ್ಕೂ ಸೀಲ್ ಮುಳುಗುವ ಮುಂಚೆ ಉಸಿರನ್ನು ಹೊರಗೆ ಬಿಡುತ್ತದೆ. ಆಳಕ್ಕೆ ಹೋದಂತೆ ನೀರಿನ ಒತ್ತಡಕ್ಕೆ ಶ್ವಾಸಕೋಶ ಕುಗ್ಗುತ್ತದೆ. ಅದು ಒಳ್ಳೆಯದೇ. ಗಾಳಿಯ ನೈಟ್ರೋಜನ್ ಜಾಸ್ತಿ ರಕ್ತಕ್ಕೆ ಸೇರುವುದಿಲ್ಲ (ಸೇರಿದರೆ ಮೇಲೇರುವಾಗ ಗುಳ್ಳೆಯಾಗಿ ತೊಂದರೆ ಕೊಡಬಹುದು). ಆಮ್ಲಜನಕದ ದಾಸ್ತಾನು ಇರುವುದು ರಕ್ತದಲ್ಲಿ, ಸ್ನಾಯುವಿನಲ್ಲಿ. ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಎಷ್ಟಿರುತ್ತದೆಂದರೆ ಸೀಲ್ ಮಾಂಸ ಹೆಚ್ಚುಕಡಿಮೆ ಕಪ್ಪಗೆ ಕಾಣುತ್ತದೆ. ಜೊತೆಗೆ ಎದೆಬಡಿತ ನಿಧಾನವಾಗುತ್ತದೆ, ಬೇರೆ ಅಂಗಗಳಿಗೆ ರಕ್ತ ಕಡಿಮೆ ಮಾಡಿ ಮಿದುಳಿಗೆ ಉಳಿಸುತ್ತದೆ.

ಕೆಲವು ಸಂದೇಶಗಳ ಬಾಲದಲ್ಲಿ ‘ನೀವೂ ಹೀಗೆ ಉಸಿರು ಬಿಗಿಹಿಡಿದು ಮುಳುಗಿ’ ಅಂತಿರುತ್ತದೆ. ಸುಮ್ನೆ ಪ್ರಯತ್ನಿಸಬೇಡಿ. ನೀರಿನಲ್ಲಿ ಪ್ರಜ್ಞೆ ತಪ್ಪಬಹುದು.