ಬುಗುರಿಯಾದ ಹರಿಗೋಲು

ಇಂಗ್ಲೆಂಡಿನ ನಾರ್ಫೋಕ್ ಕಡಲತೀರದ ಸೀಲ್ ಎಂಬ ಕಡಲಪ್ರಾಣಿಯ ವಿಡಿಯೊ ಗಂಗಾವತಿಗೆ ಕಳಿಸಿದರೆ ಪ್ರತಿ ಸಲವೂ ಬರುವ ಉತ್ತರ ಒಂದೇ: "ಇದನ್ನ ನೋಡಾಕ ರೊಕ್ಕ ಕೊಟ್ಟು ದೋಣಿ ಹತ್ತಬೇಕೇನ? ನಮ್ಮ ಹೊಳ್ಯಾಗ ನೀರನಾಯಿ ಇಲ್ಲೇನು?"

ಚುಚ್ಚಿದರೂ ಮಾತು ನಿಜ. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ ಸುಮಾರು 34 ಕಿ.ಮೀ. ಉದ್ದವನ್ನು 2015ರಲ್ಲೇ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಇಷ್ಟಾದರೂ ಹರಿಗೋಲು ಹತ್ತಿ ನೀರುನಾಯಿ ನೋಡಿ ಬಂದೆ ಎನ್ನುವವರು ಕೊಪ್ಪಳದಲ್ಲಿ ಎಷ್ಟು ಮಂದಿ ಸಿಕ್ಕಾರು?

ನಾರ್ಫೋಕ್‌ನ ಮಾರ್ಸ್ಟನ್ ದಕ್ಕೆಯಿಂದ ಸೀಲ್‌ಗಳು ಮಲಗುವ ಬ್ಲೇಕ್ನಿ ಪಾಯಿಂಟ್ ದಿಬ್ಬಕ್ಕೆ ಹೋಗುವ ದೋಣಿಗೆ ಕಡಲೇ ಯಜಮಾನ. ಇಳಿತ ಬಂತೆಂದರೆ ದಕ್ಕೆಯ ಮುಂದಿನ ಕಾಲುವೆ ಬರೀ ಕೆಸರು. ಉಬ್ಬರದ ಆಚೀಚೆ ಒಂದೆರಡು ತಾಸಷ್ಟೇ ದೋಣಿ ತೇಲುತ್ತದೆ. ಉಬ್ಬರ ದಿನಾ ಸುಮಾರು 50 ನಿಮಿಷ ಹಿಂದೆ ಬೀಳುವುದರಿಂದ ನಿನ್ನೆ ಹತ್ತಕ್ಕೆ ಹೊರಟಿದ್ದು ಇವತ್ತು ಹನ್ನೊಂದರ ಹತ್ತಿರ ಹೊರಡುತ್ತದೆ. ಐದು ನಿಮಿಷ ನಿಲ್ಲಿಸ್ರಿ, ನಮ್ಮವರು ಚಾ ಕುಡಿಯಾಕ ಹೋಗ್ಯಾರ ಅಂದರೆ ನಡೆಯದು.

ಅಲ್ಲಿ ಎರಡು ಜಾತಿ. ಕಾಮನ್ ಸೀಲ್‌ನದು ಗುಂಡು ತಲೆ, ನಮ್ಮ ಓಣಿ ನಾಯಿಯಂಥ ಮೋರೆ, ಮೂಗಿನ ಹೊಳ್ಳೆಗಳು ಕೆಳಗೆ ಹತ್ತಿರ ಸೇರುತ್ತವೆ. ಗ್ರೇ ಸೀಲ್‌ನದು ಕುದುರೆಯಂಥ ಉದ್ದ ಮೋರೆ, ಹೊಳ್ಳೆಗಳು ದೂರ ದೂರ. ಮೊದಲನೆಯದು ಜೂನ್‌ನಿಂದ ಆಗಸ್ಟ್‌ನೊಳಗೆ ಮರಿ ಹಾಕುತ್ತದೆ. ಮರಿ ಹುಟ್ಟಿದ ಕೆಲವೇ ತಾಸಿಗೆ ಈಜುತ್ತದೆ. ಗ್ರೇ ಸೀಲ್ ಬಾಣಂತನ ನವೆಂಬರ್‌ನಿಂದ ಜನವರಿಯವರೆಗೆ. ಬಿಳಿ ತುಪ್ಪಳದ ಆ ಮರಿ ಮೂರು ವಾರ ದಂಡೆ ಬಿಡದು. ಹಾಲಿನಲ್ಲಿ ಅರ್ಧಕ್ಕೂ ಹೆಚ್ಚು ಕೊಬ್ಬು. ಹುಟ್ಟುವಾಗ 14 ಕಿಲೊ ಇದ್ದದ್ದು ಅಷ್ಟರೊಳಗೆ 40 ದಾಟುತ್ತದೆ. ತಾಯಿಯೋ ಅಷ್ಟೂ ದಿನ ಉಪವಾಸ, ಮೈಯ ಕೊಬ್ಬು ಕರಗಿಸಿಯೇ ಮರಿ ಸಾಕುತ್ತದೆ. ದೋಣಿಗೆ ಬೆದರಿ ನೀರಿಗೆ ಬಿದ್ದರೆ ಆ ಹೊತ್ತಿನ ಹಾಲು ತಪ್ಪಿತು. ಹಿಂಡಿಗೆ ಹಿಂಡೇ ಓಡಿದರೆ ಕಾಲಡಿಯ ಮರಿ, ಅದರಲ್ಲೂ 200 ಕಿಲೊ ದಾಟಿದ ಗಂಡಿನಡಿಯ ಮರಿ, ಅಪ್ಪಚ್ಚಿ.

ಅದಕ್ಕೇ ದೋಣಿಯವನ ಕಣ್ಣು ಸೀಲ್‌ಗಳ ಕತ್ತಿನ ಮೇಲೆ. ಮಲಗಿದ್ದಲ್ಲಿಂದ ಒಂದೆರಡು ತಲೆ ಎದ್ದರೆ ಮೊದಲ ಎಚ್ಚರಿಕೆ. ಮೈ ತಿರುಗಿಸಿ ನೀರಿನ ಕಡೆ ತೆವಳತೊಡಗಿದರೆ ತಡವಾಯಿತು. ದಿಬ್ಬಕ್ಕೆ ನೇರ ಮೂತಿ ಹಿಡಿದು ನುಗ್ಗುವುದಿಲ್ಲ. ಅದರ ಪಕ್ಕಕ್ಕೆ ಸಮನಾಗಿ, ಒಂದೇ ವೇಗದಲ್ಲಿ ಸಾಗುತ್ತಾನೆ. ಎಂಜಿನ್ ಒಮ್ಮೆಲೇ ಆರಿಸುವುದಿಲ್ಲ, ಒಮ್ಮೆಲೇ ಏರಿಸುವುದೂ ಇಲ್ಲ. ಒಂದೇ ಸಮನೆ ಗುರುಗುಡುವ ಸದ್ದಿಗಿಂತ ಸದ್ದು ಬದಲಾದದ್ದೇ ಪ್ರಾಣಿಗೆ ಹೆಚ್ಚು ಗಾಬರಿ. ಸೀಲ್‌ಗೂ ನೀರಿಗೂ ನಡುವೆ ದೋಣಿ ತೂರಿಸಿದರೆ ಅದರ ಓಡುವ ದಾರಿಯನ್ನೇ ಕಟ್ಟಿದಂತೆ. ಬೈನಾಕ್ಯುಲರ್ 8 ಪಟ್ಟಿನದು ಸಾಕು. ಓಲಾಡುವ ದೋಣಿಯಲ್ಲಿ 10ರದು ಕೈ ನಡುಕವನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ದಂಡೆ ಕಡೆಯಿಂದ ಗಾಳಿ ಬೀಸಿದರೆ ಒಣಮೀನು ಸಂತೆಯ ನಾತ ಮೂಗಿಗೆ ಬಡಿಯುತ್ತದೆ, ಅದಕ್ಕೆ ಮದ್ದಿಲ್ಲ.

ನಮ್ಮ ಕಡೆ? ಗಂಗಾವತಿ ಹತ್ತಿರದ ಸಾಣಾಪುರದಲ್ಲಿ ಹರಿಗೋಲು ನಡುನೀರಿಗೆ ಹೋದದ್ದೇ ತಡ ಬುಗುರಿ. ಹುಟ್ಟನ್ನು ಒಂದೇ ಮಗ್ಗುಲಿಗೆ ಹೊಡೆದು ಗರಗರ ತಿರುಗಿಸುವುದು, ಹತ್ತಿದವರು ಕಿರುಚುವುದು, ಮೊಬೈಲ್ ಮೇಲೆತ್ತುವುದು, ಮುಗೀತು. ನೋಡಲು ಹೋದದ್ದು ಏನನ್ನು ಎಂದು ಕೇಳಿದರೆ ಯಾರಿಗೂ ನೆನಪಿಲ್ಲ. ಸೀಲ್ ದೋಣಿಯಲ್ಲಿ ಪ್ರಾಣಿಯೇ ಆಟ. ಇಲ್ಲಿ ದೋಣಿಯೇ ಆಟ.

ಹೀಗೆಂದ ಮಾತ್ರಕ್ಕೆ ಇಂಗ್ಲಿಷರು ಹುಟ್ಟಾ ಸಾಧುಗಳೇನಲ್ಲ. 1970ರ ಸೀಲ್ ಕಾಯ್ದೆ ಇದ್ದರೂ ಬಲೆ, ಮೀನು ಕಾಯುವ ನೆಪದಲ್ಲಿ ಗುಂಡು ಹೊಡೆಯಲು ಮೀನುಗಾರರಿಗೆ ಸಂದು ಉಳಿದಿತ್ತು. ಅದು ಮುಚ್ಚಿದ್ದು 2021ರ ಮಾರ್ಚ್‌ನಲ್ಲಿ. ಬಲೆ ಹರಿದ ಸಿಟ್ಟು ಹೊಳೆಯಲ್ಲೂ ಒಂದೇ, ಕಡಲಲ್ಲೂ ಒಂದೇ. ಇನ್ನು, ಮರಳ ದಿಬ್ಬದ ಮೇಲೆ ಜೋಳದ ಚೀಲದಂತೆ ಬಿದ್ದಿರುವ ಸೀಲ್ ತೋರಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಹೆಚ್ಚೆಂದರೆ 11 ಕಿಲೊ ತೂಗುವ, ಬಂಡೆ ಸಂದಿಯಲ್ಲಿ ಜಾರಿ ಮಾಯವಾಗುವ ನೀರುನಾಯಿ ಹಾಗೆ ಸಿಗದು. ಇದನ್ನೂ ಒಪ್ಪಬೇಕು, ಒಲ್ಲದ ಮನಸ್ಸಿನಿಂದಲಾದರೂ: ಎಂಜಿನ್ ಇಲ್ಲದ, ಬಿದಿರಿನ ಹರಿಗೋಲಿನಷ್ಟು ಸದ್ದಿಲ್ಲದ ದೋಣಿ ಮಾರ್ಸ್ಟನ್‌ನವರ ಬಳಿ ಇಲ್ಲ.

ನೀರುನಾಯಿ ನೋಡಬೇಕೆಂದರೆ ಹೊಳೆಗೆ ನೀರು ಬಿಟ್ಟಾಗ ಬೇಡ, ಹರಿಗೋಲು ಹಾಕುವುದೂ ಇಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ, ಬಿಸಿಲೇರುವ ಮುಂಚೆ ಹೋಗಿ. ಮೊದಲು ಬಂಡೆ ನೋಡಿ: ಮೀನಿನ ಪೊರೆ, ಮುಳ್ಳು ತುಂಬಿದ ಲದ್ದಿ ಹಸಿಯಾಗಿದ್ದರೆ ಹಿಂಡು ಅಲ್ಲೇ ಎಲ್ಲೋ ಇದೆ. ಅರ್ಧಚಂದ್ರದಂತೆ ಸಾಲುಗಟ್ಟಿ ಮೀನನ್ನು ದಂಡೆಗೆ ಅಟ್ಟುತ್ತಿದ್ದರೆ ನಿಮ್ಮ ಅದೃಷ್ಟ. ಹರಿಗೋಲು ಹತ್ತುವ ಮುಂಚೆಯೇ ಹೇಳಿಬಿಡಿ: "ಅಣ್ಣಾ, ತಿರುಗಿಸಬ್ಯಾಡ. ರೊಕ್ಕ ಪೂರಾ ಕೊಡ್ತೀವಿ, ಸುಮ್ನ ನಿಲ್ಸು."