ಎಷ್ಟು ಪರ್ಸೆಂಟ್ ಆತೋ ತಮಾ?

ಜುಲೈ ತಿಂಗಳ ಒಂದು ಭಾನುವಾರ. ಬೆಳೆ ವಿಮೆಯ ಕಾಗದ ಪ್ರಿಂಟ್ ತೆಗೆಯಬೇಕಿತ್ತು. ಲ್ಯಾಪ್‌ಟಾಪು ಯಾಕೋ ಎಳೆಯುತ್ತಿದೆ, ವೈರಸ್ ಹೊಕ್ಕಿರಬೇಕು ಅಂತ ದೋಸೆ ತಿನ್ನುವ ಮೊದಲು ಫುಲ್ ಸ್ಕ್ಯಾನ್ ಹಚ್ಚಿದೆ. ದೋಸೆ ಮುಗಿಯುವಷ್ಟರಲ್ಲಿ ಅದೂ ಮುಗಿದೀತು ಎಂಬ ಲೆಕ್ಕ. ಎಂಟು ದೋಸೆ ಆಯಿತು. ಪರದೆ ಮೇಲೆ 4 ಪರ್ಸೆಂಟ್.

ಹೊರಗೆ ಶಿರಸಿ ಮಳೆ. ಜಗಲಿಯಲ್ಲಿ ಆಯಿ ಚಾಲಿ ಅಡಿಕೆ ಆರಿಸುತ್ತಾ, ಹಾಳಾದ ಕೋಕವನ್ನು ಬುಟ್ಟಿಗೆ ಹಾಕುತ್ತಾ ಕೂತಿದ್ದಳು.

"ಎಂತ ಮಾಡ್ತಾ ಇದ್ದೋ ಅದು?"

"ಒಂದೊಂದೇ ಫೈಲು ತೆಗೆದು ನೋಡ್ತಾ ಇದ್ದು ಆಯಿ. ಹಾಳಾದ್ದು ಸಿಕ್ಕರೆ ಬದಿಗೆ ಇಡ್ತು."

"ಚಾಲಿ ಆರಿಸಿದ ಹಾಂಗೇ ಆತು. ಎಷ್ಟಿದ್ದು ರಾಶಿ?"

ನೋಡಿದೆ. ಆರು ಲಕ್ಷ ಚಿಲ್ಲರೆ ಫೈಲು! ಆಯಿ ಮರುಮಾತಾಡದೆ ಅಡಿಕೆಗೆ ಕೈ ಹಾಕಿದಳು.

ರಾಶಿ ಒಂದೇ ಆಗಿದ್ದರೆ ಪರವಾಗಿರಲಿಲ್ಲ. ನನ್ನದು ಹಳೇ ಹಾರ್ಡ್ ಡಿಸ್ಕು. ಒಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಕೇಳಲಿಕ್ಕೆ ಜೋರು. ಆದರೆ ಓದುವ ಕಡ್ಡಿ ಪ್ರತಿ ಫೈಲಿಗೂ ಜಾಗ ಹುಡುಕಿಕೊಂಡು ಹೋಗಬೇಕು. ತೋಟದಲ್ಲಿ ಉದುರಡಿಕೆ ಹೆಕ್ಕಿದ ಹಾಗೆ. ಒಂದು ಈ ಸಾಲಿನಲ್ಲಿ, ಇನ್ನೊಂದು ಆ ತುದಿಯ ಕಾಲುವೆಯಲ್ಲಿ, ಹೆಕ್ಕುವವನು ಒಬ್ಬನೇ. ತಟ್ಟೆಯೇ ಇಲ್ಲದ ಹೊಸ ಕಾಲದ ಎಸ್‌ಎಸ್‌ಡಿಯಲ್ಲಿ ಈ ಓಡಾಟ ಇಲ್ಲ. ನನ್ನಲ್ಲಿ ಎಸ್‌ಎಸ್‌ಡಿ ಇಲ್ಲ.

ಮಧ್ಯಾಹ್ನ ಅಪ್ಪೆಹುಳಿ ಕುಡಿದು ಬಂದರೆ 71. ಸಂತೋಷವಾಯಿತು. ಮೂರು ಗಂಟೆಗೂ 71. ಮಾರಿಜಾತ್ರೆಯ ಫೋಟೊ ಗಂಟು ಕಟ್ಟಿಟ್ಟ ಜಿಪ್ ಫೈಲಿಗೆ ಬಂದು ನಿಂತಿತ್ತು. ಜಿಪ್ ಅಂದರೆ ಆಯಿ ಬೆಳ್ಳಿ ಲೋಟ ಇಟ್ಟ ಹಾಗೆ. ಪ್ಲಾಸ್ಟಿಕ್ ಕೊಟ್ಟೆಯೊಳಗೆ ಬಟ್ಟೆ ಗಂಟು, ಗಂಟಿನೊಳಗೆ ಪೇಪರು, ಪೇಪರಿನೊಳಗೆ ಮತ್ತೊಂದು ಕೊಟ್ಟೆ. ಎಲ್ಲ ಬಿಚ್ಚಿಯೇ ನೋಡಬೇಕು. ಜಾತ್ರೆ ಎರಡು ವರ್ಷಕ್ಕೊಮ್ಮೆ ಆಗೋದು ಪುಣ್ಯ. 2018, 2020, 2022 ಮೂರರದ್ದೂ ಇದ್ದವು. ಎಲ್ಲಿ ಹೋಗಿಬಿಟ್ಟೀತೋ ಅಂತ ಒಂದೊಂದಕ್ಕೂ ಎರಡೆರಡು ನಕಲು ಬೇರೆ. ರಥ ಕಾಣುವ ಫೋಟೊ ನಾಲ್ಕು, ಉಳಿದದ್ದು ಜನರ ಬೆನ್ನು.

ಆಗಲೇ ಮೂಲೆಯಲ್ಲಿ ಇನ್ನೊಂದು ಚಿತ್ರ ಕಣ್ಣಿಗೆ ಬಿತ್ತು. ಮತ್ತೊಂದು ಆಂಟಿವೈರಸ್! ಮೊದಲನೆಯದು ಅಂಗಡಿಯ ಹುಡುಗ ಹಾಕಿಕೊಟ್ಟದ್ದು. ಇದು ಭಾವನ ಮಗ ರಜೆಗೆ ಬಂದಾಗ ಹಾಕಿದ್ದು. ದುಡ್ಡಿನ ಮಾಲು, ಅವನಿಗೆ ಮಾತ್ರ ಪುಕ್ಕಟೆ ಸಿಕ್ಕಿತ್ತು. ಈಗ ಮೊದಲನೆಯದು ಫೈಲು ತೆರೆದರೆ, "ಯಾರೋ ಏನೋ ತೆರೆದರು" ಅಂತ ಎರಡನೆಯದು ಓಡಿ ಬಂದು ಅದನ್ನೇ ಪರೀಕ್ಷೆ ಮಾಡುತ್ತದೆ. ಒಂದೇ ಅಡಿಕೆ, ಎರಡು ಸಲ ಆರಿಸೋದು. ಈ ಇಬ್ಬರ ಗಲಾಟೆಗೆ 4 ಜಿಬಿ ರ‍್ಯಾಮ್ ಎಲ್ಲಿ ಸಾಕು? ವೈರಸ್ ಪಾಪ, ಲ್ಯಾಪ್‌ಟಾಪು ಎಳೆಯಲಿಕ್ಕೆ ಕಾವಲುಗಾರರೇ ಸಾಕಾಗಿದ್ದರು.

ಐದೂವರೆಗೆ 88. ಕರೆಂಟು ಹೋಯಿತು. ಬ್ಯಾಟರಿ ಸತ್ತು ಎರಡು ವರ್ಷ.

ಒಮ್ಮೆ ನೋಡಿದ ಫೈಲು ಬದಲಾಗದಿದ್ದರೆ ಮುಂದಿನ ಸಲ ಹಾರಿಸಿ ಹೋಗುವ ಆಂಟಿವೈರಸ್‌ಗಳೂ ಇವೆಯಂತೆ. ಕರೆಂಟು ಬಂದ ಮೇಲೆ ನನ್ನದು ಸೊನ್ನೆಯಿಂದಲೇ ಶುರು ಮಾಡಿತು. ಆದರೆ ಅದನ್ನು ಹಚ್ಚುವ ಮೊದಲೇ ನಾನು ಜಾತ್ರೆಯ ನಕಲುಗಳನ್ನು ಅಳಿಸಿ, ಭಾವನ ಮಗನದ್ದನ್ನು ಕಿತ್ತು ಹಾಕಿದ್ದೆ. ಓಟ ನೋಡಬೇಕಿತ್ತು! ಒಂಬತ್ತೂವರೆಗೆಲ್ಲ ನೂರು. ಕೆಂಪಕ್ಷರದಲ್ಲಿ ಬಂತು: ಅಪಾಯ ಒಂದು.

ಭಾವನ ಮಗನಿಗೆ ಫೋನು ಹಚ್ಚಿ ಫೈಲಿನ ಹೆಸರು ಓದಿದೆ. ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಮೆಲ್ಲಗೆ, "ಮಾವಾ, ಅದು ಆ ಆಂಟಿವೈರಸ್‌ನ ಪುಕ್ಕಟೆ ಮಾಡಲೆ ಹಾಕಿದ್ದು" ಎಂದ.

ಆಯಿ ಗೋಣಿ ಮಡಚುತ್ತಿದ್ದಳು. "ನಂದು ಒಂದು ಬುಟ್ಟಿ ಕೋಕ ಸಿಕ್ತು. ನಿಂದೆಷ್ಟೋ?"

"ಒಂದು."

"ಒಂದು ಬುಟ್ಟಿಯನಾ?"